ಗಿಡಕ್ಕೆ ಬೆಳಕಿನ ಹಸಿವು

ಹಾರನಹಳ್ಳಿ, ಅರಸೀಕೆರೆ, ಜಾವಗಲ್ಲಿನ ಸುತ್ತಿನ ಹಳೆಯ ಮನೆಗಳ ನಡುವೆ ತೆರೆದ ತೊಟ್ಟಿ ಇರುತ್ತಿತ್ತು. ಮಳೆಯೂ ಬಿಸಿಲೂ ನೇರವಾಗಿ ಒಳಗಿಳಿಯುತ್ತಿದ್ದವು. ಅಡುಗೆಮನೆಗೆ ಬೆಳಕಿಂಡಿ, ಹಜಾರದ ಹೆಂಚುಗಳ ನಡುವೆ ಒಂದೆರಡು ಗಾಜಿನ ಹೆಂಚು, ಹಿತ್ತಿಲಲ್ಲಿ ಪತ್ರೆಯ ಮರ, ಬೇಲಿಯ ಬುಡದಲ್ಲಿ ತುಂಬೆ. ಲಿಂಗಪೂಜೆಗೆ ಪತ್ರೆ ಪುಷ್ಪಗಳನ್ನು ಎಲ್ಲಿಂದ ತರುವುದೆಂಬ ಚಿಂತೆ ಗೃಹಿಣಿಯರಿಗೆ ಇರಲಿಲ್ಲ. ಈಗ ಎಷ್ಟೋ ಮನೆಗಳಲ್ಲಿ ತೊಟ್ಟಿಯ ಮೇಲೆ ಆರ್‌ಸಿಸಿ ಛಾವಣಿ ಬಂದಿದೆ. ಹಿತ್ತಿಲು ಅಣ್ಣತಮ್ಮಂದಿರಲ್ಲಿ ಪಾಲಾಗಿದೆ. ಮಕ್ಕಳು ಬೆಂಗಳೂರಿನ ಫ್ಲಾಟುಗಳಲ್ಲಿ ನೆಲೆಸಿದ್ದಾರೆ. ಹಿತ್ತಿಲಲ್ಲಿದ್ದ ಗಿಡ ಕುಂಡವೇರಿ ಮನೆಯೊಳಗೆ ಬಂದಿದೆ.

ಗೃಹಪ್ರವೇಶದ ಉಡುಗೊರೆಯಾಗಿಯೋ ಮಠದ ಸಮಾರಂಭದಲ್ಲಿ ಪ್ರಸಾದರೂಪವಾಗಿಯೋ ದೊರೆತ ಬಿಲ್ವದ ಸಸಿಯನ್ನು ಭಕ್ತಿಯಿಂದ ಪೂಜಾಕೋಣೆಯ ಬಾಗಿಲಲ್ಲಿಡುತ್ತಾರೆ. ಮೊದಲ ತಿಂಗಳು ಅದು ಚೆನ್ನಾಗಿಯೇ ಇರುತ್ತದೆ. ಎರಡನೆಯ ತಿಂಗಳಿಗೆ ಕಾಂಡ ಸಣಕಲಾಗಿ ಮೇಲಕ್ಕೇಳುತ್ತದೆ, ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತವೆ. ನೀರು ಸಾಲದಿರಬಹುದೆಂದು ಮನೆಯವರು ದಿನಕ್ಕೆ ಒಂದು ಚೊಂಬು ಹಾಕುತ್ತಿದ್ದಲ್ಲಿ ಎರಡು ಚೊಂಬು ಹಾಕತೊಡಗುತ್ತಾರೆ. ಕೆಲವು ವಾರಗಳಲ್ಲಿ ಗಿಡ ಹೋಗುತ್ತದೆ. ಅನಂತರ ಶುರುವಾಗುವುದು ಮಾತು. ಹೊಸ ಮನೆಗೆ ಇದು ಶುಭಸೂಚನೆಯಲ್ಲವೆಂದು ಒಬ್ಬರು, ಸೊಸೆಯ ಕೈಗುಣ ಸರಿಯಿಲ್ಲವೆಂದು ಇನ್ನೊಬ್ಬರು! ಶಕುನ, ಗಳಿಗೆ, ನಕ್ಷತ್ರಗಳ ಭಯವನ್ನು ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತೊರೆದಿದ್ದರು. ಅವರನ್ನು ನೆನೆಯುವ ಮನೆಯಲ್ಲಿ ಕುಂಡದ ಗಿಡವೊಂದು ಬಾಡಿತೆಂದು ಹೆಣ್ಣುಮಗಳು ತಲೆತಗ್ಗಿಸಿ ನಿಲ್ಲಬೇಕಾಗಿ ಬರುವುದು ತರವಲ್ಲ. ಆ ಗಿಡ ಸತ್ತದ್ದು ಹಸಿವಿನಿಂದ. ಅದು ಆಹಾರವನ್ನು ತಯಾರಿಸಿಕೊಳ್ಳಲು ಬೇಕಾದ ಬೆಳಕು ಆ ಬಾಗಿಲಲ್ಲಿರಲಿಲ್ಲ.

ಎಲೆಯು ನೀರನ್ನೂ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಸಕ್ಕರೆ ಮಾಡಿಕೊಳ್ಳುವುದು ಬೆಳಕಿನ ಬಲದಿಂದ. ಬೆಳಕು ಕಡಿಮೆಯಾದಾಗ ಈ ಕೆಲಸ ನಿಧಾನಿಸುತ್ತದೆ, ಗಿಡವು ಹೀರುವ ನೀರೂ ಕಡಿಮೆಯಾಗುತ್ತದೆ. ಹಾಕಿದ ನೀರು ಮಣ್ಣಿನಲ್ಲಿಯೇ ನಿಂತು, ಬೇರಿಗೆ ಗಾಳಿ ಸಿಗದೆ ಅದು ಕೊಳೆಯುತ್ತದೆ. ಉಪವಾಸವಿರುವವನಿಗೆ ಅನ್ನವಿಕ್ಕದೆ ಕೊಡಗಟ್ಟಲೆ ನೀರು ಕುಡಿಸಿದಂತೆ ನಮ್ಮ ಉಪಚಾರ. ಆದುದರಿಂದ ಗಿಡ ಸೊರಗಿದಾಗ ಮೊದಲು ಚೊಂಬಿಗೆ ಕೈಹಾಕದೆ ಬೆರಳನ್ನು ಮಣ್ಣಿಗೆ ಹಾಕಿ ನೋಡಬೇಕು. ಮೇಲಿನೆರಡು ಅಂಗುಲ ಒಣಗಿದ್ದು ಎಲೆ ಜೋತುಬಿದ್ದಿದ್ದರೆ ಅದು ಬಾಯಾರಿಕೆ. ನೀರೆರೆದ ಕೆಲವು ಗಂಟೆಗಳಲ್ಲಿ ತಲೆಯೆತ್ತುತ್ತದೆ. ನೀರು ಹಾಕಿ ನಾಲ್ಕೈದು ದಿನ ಕಳೆದರೂ ಮಣ್ಣು ಹಸಿಯಾಗಿಯೇ ಇದ್ದು ಎಲೆ ಹಳದಿಯಾಗುತ್ತಿದ್ದರೆ ಬೆಳಕಿನ ಕಡೆ ಗಮನ ಹರಿಸಬೇಕು.

ಬೆಳಕಿನ ಕೊರತೆಗೆ ಬೇರೆ ಗುರುತುಗಳೂ ಇವೆ. ಅವುಗಳಲ್ಲಿ ಮುಖ್ಯವಾದುದು ಗೆಣ್ಣಿನಿಂದ ಗೆಣ್ಣಿಗಿರುವ ಅಂತರ. ಹಿತ್ತಿಲ ಬಿಸಿಲಿನಲ್ಲಿ ಒತ್ತಾಗಿ ಬೆಳೆಯುವ ದೊಡ್ಡಪತ್ರೆ ಒಳಕೋಣೆಯಲ್ಲಿ ಉದ್ದುದ್ದ ಬೆಳೆದು, ತನ್ನ ಭಾರವನ್ನು ತಾನೇ ಹೊರಲಾರದೆ ಒರಗುತ್ತದೆ. ನೋಡಿದವರು ಗಿಡ ಚೆನ್ನಾಗಿ ಬೆಳೆದಿದೆಯೆಂದು ಸಂತೋಷಪಡುವುದೂ ಉಂಟು. ವಾಸ್ತವವಾಗಿ ಅದು ಬೆಳಕನ್ನು ಹುಡುಕಿಕೊಂಡು ಹೊರಟಿರುತ್ತದೆ. ಹೊಸ ಎಲೆ ಹಳೆಯ ಎಲೆಗಿಂತ ಚಿಕ್ಕದಾಗಿಯೂ ಪೇಲವವಾಗಿಯೂ ಬರುತ್ತದೆ. ಕ್ರೋಟನ್ ಎಲೆಯ ಬಣ್ಣ ಮಾಸಿ ಬರಿಯ ಹಸಿರಾಗುತ್ತದೆ. ಮಲ್ಲಿಗೆಯಲ್ಲಿ ಎಲೆ ಇರುತ್ತದೆ, ಮೊಗ್ಗು ಬರುವುದಿಲ್ಲ. ಗಿಡವೆಲ್ಲ ಕಿಟಕಿಯ ಕಡೆಗೇ ವಾಲಿರುತ್ತದೆ. ಈ ವಾಲುವಿಕೆಯನ್ನು ಚಾರ್ಲ್ಸ್ ಡಾರ್ವಿನ್ನರೂ ಅವರ ಮಗ ಫ್ರಾನ್ಸಿಸರೂ ಪರೀಕ್ಷಿಸಿ ೧೮೮೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾರೆ. ಹುಲ್ಲಿನ ಮೊಳಕೆಯ ತುದಿಗೆ ಬೆಳಕು ತಾಗದಂತೆ ಟೊಪ್ಪಿಗೆ ಹಾಕಿದರೆ ಅದು ಬಾಗಲಿಲ್ಲ. ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಬೆಳವಣಿಗೆಯನ್ನು ಪ್ರಚೋದಿಸುವ ಆಕ್ಸಿನ್ ಎಂಬ ದ್ರವ್ಯವು ನೆರಳಿನ ಮಗ್ಗುಲಿಗೆ ಹೆಚ್ಚಾಗಿ ಸೇರುವುದರಿಂದ ಆ ಮಗ್ಗುಲು ಉದ್ದವಾಗುತ್ತದೆ, ಗಿಡ ಬೆಳಕಿನತ್ತ ಬಾಗುತ್ತದೆ ಎಂಬುದು ಅನಂತರದ ಸಂಶೋಧನೆಯಿಂದ ತಿಳಿದುಬಂತು.

“ನಮ್ಮ ಕೋಣೆಯಲ್ಲಿ ಬೇಕಾದಷ್ಟು ಬೆಳಕಿದೆಯಲ್ಲ” ಎಂದು ಕೇಳುವವರಿದ್ದಾರೆ. ಇಲ್ಲಿ ಮೋಸ ಮಾಡುವುದು ನಮ್ಮ ಕಣ್ಣು. ಕ್ರಿ.ಶ. ೧೨೩೫ರ ಸುಮಾರಿನಲ್ಲಿ ಕಟ್ಟಿದ ಹಾರನಹಳ್ಳಿಯ ಸೋಮೇಶ್ವರ ದೇವಾಲಯಕ್ಕೆ ನಡುಹಗಲಲ್ಲಿ ಹೋದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣಿಸದು; ಸ್ವಲ್ಪ ಹೊತ್ತು ನಿಂತರೆ ಕಂಬವೂ ಮೇಲಿನ ಕೆತ್ತನೆಯೂ ಒಂದೊಂದಾಗಿ ತೋರುತ್ತವೆ. ಅಷ್ಟರಲ್ಲಿ ಬೆಳಕೇನೂ ಹೆಚ್ಚಿರುವುದಿಲ್ಲ, ಕಣ್ಣು ಹೊಂದಿಕೊಂಡಿರುತ್ತದೆ. ಎಲೆಗೆ ಆ ಶಕ್ತಿ ನಮ್ಮ ಕಣ್ಣಿನಷ್ಟಿಲ್ಲ. ಬೆಳಕನ್ನಳೆಯುವ ಲಕ್ಸ್ ಎಂಬ ಮಾನದಲ್ಲಿ ಹೇಳುವುದಾದರೆ, ಮೋಡವಿಲ್ಲದ ನಡುಹಗಲ ಬಯಲಿನಲ್ಲಿ ಸುಮಾರು ೧,೦೦,೦೦೦; ಮರದ ತೆಳುನೆರಳಿನಲ್ಲಿ ೧೦,೦೦೦ದ ಆಸುಪಾಸು; ಕಿಟಕಿಯ ಪಕ್ಕದಲ್ಲಿ ನೇರ ಬಿಸಿಲಿಲ್ಲದಿದ್ದರೆ ಒಂದೆರಡು ಸಾವಿರ; ಕೋಣೆಯ ಒಳಮೂಲೆಯಲ್ಲಿ ನೂರಿನ್ನೂರು. ನಾವು ಅಲ್ಲಿ ಕುಳಿತು ಪತ್ರಿಕೆ ಓದಬಲ್ಲೆವು, ಬಿಲ್ವ ಅಲ್ಲಿ ಬದುಕಲಾರದು. ಪೂಜಾದೀಪವಾಗಲಿ, ತಾರಸಿಗೆ ಅಂಟಿಸಿದ ಟ್ಯೂಬ್‌ಲೈಟಾಗಲಿ ಅದರ ಹಸಿವನ್ನು ನೀಗಿಸವು.

ಅಳೆಯಲು ಯಂತ್ರವೇನೂ ಬೇಡ. ನಡುಹಗಲಲ್ಲಿ ಗಿಡವಿಡುವ ಜಾಗದಲ್ಲಿ ಬಿಳಿಯ ಹಾಳೆಯನ್ನು ಹಾಸಿ, ಅದರಿಂದ ಒಂದಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಕಂಡರೆ ಹೂವಿನ ಗಿಡಗಳಿಗೂ ಆದೀತು. ಮಸುಕಾದ ನೆರಳು ಬಿದ್ದರೆ ಮನಿಪ್ಲಾಂಟ್, ಉದ್ದೆಲೆಯ ಸ್ನೇಕ್ ಪ್ಲಾಂಟ್ ಮುಂತಾದವು ತಾಳಿಕೊಳ್ಳುತ್ತವೆ. ನೆರಳೇ ಬೀಳದ ಜಾಗದಲ್ಲಿ ಯಾವ ಗಿಡವನ್ನೂ ಇಡಬೇಡಿ. ಕಿಟಕಿಯಿಂದ ದೂರ ಸರಿದಂತೆ ಬೆಳಕು ಬಲು ಬೇಗ ಇಳಿಯುತ್ತದೆ ಎಂಬುದೂ ನೆನಪಿರಲಿ: ಚಿಕ್ಕ ಕಿಟಕಿಯಾದರೆ ಮೂರಡಿಯಲ್ಲಿದ್ದ ಬೆಳಕು ಆರಡಿಗೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಕಾಲುಭಾಗಕ್ಕೆ ಬರುತ್ತದೆ.

ಯಾವ ದಿಕ್ಕಿನ ಕಿಟಕಿ? ಶೀತದೇಶಗಳ ಇಂಗ್ಲಿಷ್ ಪುಸ್ತಕಗಳು ದಕ್ಷಿಣದ ಕಿಟಕಿಯನ್ನು ಹೊಗಳುತ್ತವೆ, ಉತ್ತರದ ಕಿಟಕಿಗೆ ಬಿಸಿಲೇ ಬಾರದೆನ್ನುತ್ತವೆ. ಅಲ್ಲಿಗೆ ಅದು ಸರಿ. ನಮ್ಮ ಸೀಮೆ ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಆ ನಡುವಣ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕಿರುತ್ತಾನೆ. ಮೇ, ಜೂನ್ ತಿಂಗಳಲ್ಲಿ ನಮ್ಮ ಉತ್ತರದ ಕಿಟಕಿಗೆ ಬೆಳಗ್ಗೆ ಸಂಜೆ ಓರೆ ಬಿಸಿಲು ಬರುತ್ತದೆ, ದಕ್ಷಿಣದ ಕಿಟಕಿ ಸಜ್ಜಾದ ನೆರಳಿನಲ್ಲಿ ಮಂಕಾಗಿರುತ್ತದೆ. ನವೆಂಬರಿನಿಂದ ಜನವರಿಯವರೆಗೆ ಇದು ತಿರುಗುಮುರುಗು. ಹೀಗೆ ವರ್ಷಕ್ಕೆರಡು ಬಾರಿ ಕುಂಡದ ಜಾಗ ಬದಲಿಸಬೇಕಾಗುತ್ತದೆ. ಅದು ಬೇಡವೆನ್ನುವವರಿಗೆ ಪೂರ್ವದ ಕಿಟಕಿಯೇ ಉತ್ತಮ. ಎಳೆಬಿಸಿಲು ವರ್ಷವಿಡೀ ದೊರೆಯುತ್ತದೆ. ಪಶ್ಚಿಮದ ಕಿಟಕಿಯಲ್ಲಿ ಮಾರ್ಚ್, ಏಪ್ರಿಲ್‌ನ ಇಳಿಬಿಸಿಲು ಎಳೆಗಿಡವನ್ನು ಸುಡಬಲ್ಲದು.

ಇನ್ನು ಪರಿಹಾರ. ಖರ್ಚಿಲ್ಲದ್ದನ್ನು ಮೊದಲು ಮಾಡೋಣ. ಕಿಟಕಿಯ ಗಾಜಿನ ಧೂಳನ್ನೂ ಎಲೆಗಳ ಮೇಲಿನ ಧೂಳನ್ನೂ ಒದ್ದೆಬಟ್ಟೆಯಿಂದ ಒರೆಸಬೇಕು. ಹಗಲಿನಲ್ಲಿ ಪರದೆ ಸರಿಸಬೇಕು. ಸೊಳ್ಳೆಯ ಜಾಲರಿಯೂ ಬೆಳಕಿನ ಒಂದು ಪಾಲನ್ನು ತಡೆಯುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ವೀರಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು ಕೂಡಿಸಿದರು. ಅವುಗಳ ಹಿಂದೆ ನಿಂತರೆ ಈ ಮಾತು ಮನದಟ್ಟಾಗುತ್ತದೆ. ಕಿಟಕಿಯೆದುರಿನ ಗೋಡೆಗೆ ಬಿಳಿಯ ಸುಣ್ಣ ಬಳಿದರೆ ಕೋಣೆಯ ಬೆಳಕು ಹೆಚ್ಚುತ್ತದೆ. ಹೆಂಚಿನ ಮನೆಯಾದರೆ ಒಂದು ಹೆಂಚು ತೆಗೆದು ಗಾಜಿನ ಹೆಂಚು ಹೊದಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ವಾರಕ್ಕೊಮ್ಮೆ ಕುಂಡವನ್ನು ಕಾಲುಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆ ವಾಲುವುದಿಲ್ಲ. ಫ್ಲಾಟಿನಲ್ಲಿ ಬಿಸಿಲಿನ ಸುಳಿವೇ ಇಲ್ಲದವರು ಬಿಳಿಯ ಎಲ್‌ಇಡಿ ದೀಪವನ್ನು ಗಿಡದ ಒಂದಡಿ ಮೇಲೆ ಕಟ್ಟಿ ದಿನಕ್ಕೆ ಹನ್ನೆರಡು ಗಂಟೆ ಉರಿಸಬಹುದು. ಸಣ್ಣ ಗಿಡಗಳಿಗೆ ಅದು ಸಾಕಾಗುತ್ತದೆ.

ಸೊರಗಿದ ಗಿಡವನ್ನು ಕಂಡು ಮರುಕಪಟ್ಟು ಒಮ್ಮೆಗೇ ಬಿಸಿಲಿಗಿಡುವುದು ಮಾತ್ರ ಕೂಡದು. ನೆರಳಿನಲ್ಲಿ ಹುಟ್ಟಿದ ಎಲೆ ತೆಳುವಾಗಿರುತ್ತದೆ. ಒಂದೇ ದಿನದಲ್ಲಿ ಬಿಳಿಚಿ, ಕಂದುಕಲೆಯಾಗಿ ಸುಟ್ಟುಹೋಗುತ್ತದೆ. ಮೊದಲ ಮೂರುನಾಲ್ಕು ದಿನ ಬೆಳಗಿನ ಒಂದು ಗಂಟೆ, ಆಮೇಲೆ ಎರಡು ಗಂಟೆ, ಹೀಗೆ ಎರಡು ವಾರ ತೆಗೆದುಕೊಳ್ಳಬೇಕು. ಈ ಅವಧಿಯಲ್ಲಿ ಗೊಬ್ಬರ ಬೇಡ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು. ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಹೊಸ ಚಿಗುರು ದಪ್ಪವಾಗಿ ಬಂದ ಮೇಲೆ ದೊಡ್ಡಪತ್ರೆಯಂಥವನ್ನು ಗೆಣ್ಣಿನ ಮೇಲೆ ಕತ್ತರಿಸಿದರೆ ಕವಲೊಡೆಯುತ್ತವೆ. ಕತ್ತರಿಸಿದ ತುಂಡನ್ನೂ ನೆಡಬಹುದು.

ಪೂಜೆಯ ಗಿಡಗಳ ವಿಷಯದಲ್ಲಿ ಒಂದೆರಡು ಮಾತು. ಕನಕಾಂಬರ ಅರೆನೆರಳಿನಲ್ಲಿಯೂ ಹೂಬಿಡುತ್ತದೆ, ಬಾಲ್ಕನಿಯುಳ್ಳವರಿಗೆ ಅನುಕೂಲ. ತುಂಬೆ ಬಯಲಿನ ಗಿಡ. ಹೂಬಿಟ್ಟು ಬೀಜ ಕಟ್ಟಿದ ಮೇಲೆ ಅದು ಒಣಗುವುದು ಸಹಜ, ಅದಕ್ಕೆ ಯಾರ ದೋಷವೂ ಕಾರಣವಲ್ಲ. ಬಿಲ್ವವೂ ಬೇಸಗೆಯ ಮೊದಲಿಗೆ ತಾನಾಗಿ ಎಲೆಯುದುರಿಸಿ ಮತ್ತೆ ಚಿಗುರುತ್ತದೆ. ಆಗ ಕಡ್ಡಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಜೀವಂತವಾಗಿದೆ, ಕಿತ್ತೆಸೆಯಬೇಡಿ. ಆದರೆ ಅದು ಒಣಕಾಡಿನ ದೊಡ್ಡ ಮರ. ಮನೆಯೊಳಗೆ ಕೆಲವು ದಿನಗಳ ಅತಿಥಿಯಾಗಿ ಇರಬಲ್ಲದೇ ಹೊರತು ಕಾಯಂ ವಾಸಿಯಾಗಲಾರದು. ಸಸಿ ಬಂದ ವಾರದಲ್ಲಿಯೇ ಅದನ್ನು ಮೇಲೆ ಹೇಳಿದ ಕ್ರಮದಲ್ಲಿ ತಾರಸಿಯ ಬಿಸಿಲಿಗೆ ಒಗ್ಗಿಸಿ, ಮುಂಗಾರು ಹಿಡಿದ ಮೇಲೆ ಹೊಲದ ಬದುವಿನಲ್ಲಿಯೋ ತೋಟದ ಅಂಚಿನಲ್ಲಿಯೋ ತೆಂಗಿನ ನೆರಳು ಬೀಳದ ಕಡೆ ನೆಡುವುದು ಲೇಸು. ಜಾಗವಿಲ್ಲದವರು ಊರಿನ ಮಠದವರನ್ನೋ ಶಾಲೆಯವರನ್ನೋ ಕೇಳಿ ಅಲ್ಲಿ ನೆಡಬಹುದು. ಬಿಲ್ವಕ್ಕೆ ಮುಳ್ಳಿರುವುದರಿಂದ ಮಕ್ಕಳು ಓಡಾಡುವ ದಾರಿಯಿಂದ ಎರಡು ಮಾರು ದೂರದಲ್ಲಿರಲಿ.