ಅನುಮತಿ ಕೇಳುವ ದ್ವೀಪಕ್ಕೆ ಹೊರಡುವ ಮುನ್ನ

ಲಕ್ಷದ್ವೀಪವನ್ನು ಒಮ್ಮೆ ನೋಡಿಬರಬೇಕೆಂಬ ಉತ್ಸಾಹ ನಮ್ಮ ಕಾಸರಗೋಡಿನ ಮನೆಗಳಲ್ಲೂ ಹೆಚ್ಚುತ್ತಿದೆ. ಅದು ಸಂತೋಷದ ವಿಷಯವೇ ಸರಿ. ಆದರೆ ಪ್ರವಾಸದ ಸಿದ್ಧತೆಯ ಮಾತು ಬಂದಾಗಲೆಲ್ಲ ಎರಡು ಆಕ್ಷೇಪಗಳು ಕಿವಿಗೆ ಬೀಳುತ್ತವೆ. ನಮ್ಮ ದೇಶದೊಳಗೇ ಓಡಾಡಲು ಪರವಾನಗಿ ಏಕೆಂಬುದು ಒಂದು. ನಾಲ್ಕು ದಿನಗಳಲ್ಲಿ ಮೂರು ದ್ವೀಪಗಳನ್ನಾದರೂ ನೋಡದಿದ್ದರೆ ಹಣ ದಂಡವೆಂಬುದು ಇನ್ನೊಂದು. ಬೇರೆಯವರು ಹೀಗೆಂದರೆ ಅರಿಯದೆ ಆಡಿದರೆಂದು ಸುಮ್ಮನಿರಬಹುದು. ಗಡಿನಾಡಿನ ಕನ್ನಡಿಗರಾದ ನಾವು ಆಡಬಾರದ ಮಾತುಗಳಿವು.

ಏಕೆಂದರೆ ಆ ದ್ವೀಪಗಳು ನಮಗೆ ಅಪರಿಚಿತವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳನ್ನು ಒಳಗೊಂಡ ಅಮಿನ್‌ದಿವಿ ಸಮೂಹವು 1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಕಂಪೆನಿಯ ವಶವಾಗಿ ಮಂಗಳೂರಿನ ಆಡಳಿತಕ್ಕೆ ಒಳಪಟ್ಟಿತು. ಮುಂದೆ ನಮ್ಮಂತೆಯೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ದ್ವೀಪದ ತೆಂಗಿನನಾರಿನ ಹುರಿ ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಒಂದೇ ಮನೆಯಿಂದ ಒಂದೇ ದಿನ ಬೇರೆಯಾದವರು ನಾವು.

ಈಗ ಪರವಾನಗಿಯ ಮಾತು. 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 64 ಸಾವಿರಕ್ಕೆ ತುಸು ಹೆಚ್ಚು. ಅವರಲ್ಲಿ ಬಹುಪಾಲು ಜನ ಪರಿಶಿಷ್ಟ ಪಂಗಡದವರು. ಹೊರಗಿನವರ ಪ್ರವೇಶ ಮತ್ತು ವಾಸ್ತವ್ಯವನ್ನು ನಿಯಂತ್ರಿಸುವ ನಿಯಮಗಳು 1967ರಿಂದ ಇವೆ. ಇಷ್ಟು ಚಿಕ್ಕ ನೆಲದ ಜನರು ಒಳಗೆ ಬರುವವರನ್ನು ಯಾರೆಂದು ಕೇಳಿದರೆ ಅದು ಅಹಂಕಾರವೇ? ನಮ್ಮ ಭಾಷೆ ತಿಳಿಯದ ಅಧಿಕಾರಿ ನಮ್ಮ ಮೇಲೆ, ಕನ್ನಡ ಬಾರದ ಅಧ್ಯಾಪಕ ನಮ್ಮ ಮಕ್ಕಳ ತರಗತಿಗೆ ಬಂದಾಗ, ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಮನವಿ ಬರೆದವರು ನಾವು. ಆ ಪ್ರಶ್ನೆಯನ್ನು ದ್ವೀಪದವರು ಬಾಗಿಲಲ್ಲೇ ಕೇಳಿದರೆ ನಮಗೆ ಮುನಿಸು ಬರುವುದು ಯಾವ ನ್ಯಾಯ?

ಪರವಾನಗಿಗೆ ಅಲೆದಾಟವಿದೆ, ವಿಳಂಬವಿದೆ ಎನ್ನುವವರ ಮಾತು ಸುಳ್ಳಲ್ಲ. ವಿಳಂಬ ತಪ್ಪಲಿ, ಕಟ್ಟಳೆ ಉಳಿಯಲಿ. ಪ್ರವಾಸಿಗರು ಹೆಚ್ಚಿದರೆ ದ್ವೀಪಕ್ಕೆ ಆದಾಯವಲ್ಲವೇ ಎಂಬ ವಾದವೂ ಇದೆ. ಆದಾಯ ಬರಲಿ. ಆದರೆ ಅಲ್ಲಿ ಹೊಳೆಯಿಲ್ಲ, ಬೆಟ್ಟವಿಲ್ಲ. ಮಳೆಯಿಂದ ಇಂಗಿದ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಹೆಚ್ಚು ಎಳೆದರೆ ಬಾವಿಗೆ ಉಪ್ಪು ಏರುತ್ತದೆ. ಸಮುದ್ರದ ನೀರನ್ನೇ ಸಿಹಿಯಾಗಿಸುವ ಸ್ಥಾವರವನ್ನು 2005ರಲ್ಲಿ ಕವರತ್ತಿಯಲ್ಲಿ ಸ್ಥಾಪಿಸಬೇಕಾಗಿ ಬಂದುದು ಈ ಕೊರತೆಯಿಂದಲೇ. ಅತಿಥಿಯ ಎರಡನೆಯ ಸ್ನಾನದ ಲೆಕ್ಕ ಅಲ್ಲಿ ಯಾರದೋ ಬಾವಿಯಲ್ಲಿ ಕಾಣುತ್ತದೆ.

ಇನ್ನು ಮೂರು ದ್ವೀಪಗಳ ಆಸೆ. ಕೊಚ್ಚಿಯಿಂದ ಹಡಗಿನ ಪ್ರಯಾಣವೇ 14ರಿಂದ 18 ಗಂಟೆ. ರಾತ್ರಿ ಹಡಗಿನಲ್ಲಿ ಮಲಗಿ, ಹಗಲಿಗೊಂದು ದ್ವೀಪದಲ್ಲಿ ಇಳಿದು, ಚಿತ್ರ ತೆಗೆದು, ಸಂಜೆ ಮರಳಿ ಹತ್ತುವವನು ಕಂಡದ್ದು ಮರಳನ್ನು ಮಾತ್ರ, ಮನುಷ್ಯರನ್ನಲ್ಲ. ಮೊದಲ ಭೇಟಿ ಚಿಕ್ಕದಾದಷ್ಟೂ ಒಂದೇ ದ್ವೀಪದಲ್ಲಿ ನಿಲ್ಲುವುದು ಲೇಸು. ನಮ್ಮ ಹಳೆಯ ಜಿಲ್ಲೆಯದೇ ಆದ ಕಡಮತ್ ಆಗಲಿ. ಅಕ್ಟೋಬರಿನಿಂದ ಮೇ ಮಧ್ಯದವರೆಗಿನ ಕಾಲವನ್ನು ಆರಿಸಿಕೊಳ್ಳೋಣ. ಮುಂಗಾರಿನಲ್ಲಿ ಕಡಲು ಯಾರ ವೇಳಾಪಟ್ಟಿಯನ್ನೂ ಕೇಳುವುದಿಲ್ಲ. ಪರವಾನಗಿ ಕೈಸೇರುವ ಮೊದಲು ಟಿಕೆಟ್ಟಿಗೆ ಹಣ ಸುರಿಯುವುದು ಬೇಡ. ಮರಳುವ ದಿನದ ಮರುದಿನವೇ ಮದುವೆಯನ್ನೋ ಪರೀಕ್ಷೆಯನ್ನೋ ಇಟ್ಟುಕೊಳ್ಳುವುದೂ ಬೇಡ.

ಕೊಂಡೊಯ್ಯಬೇಕಾದುದಕ್ಕಿಂತ ಬಿಡಬೇಕಾದುದೇ ಹೆಚ್ಚು. ಜನವಸತಿಯ ದ್ವೀಪಗಳಲ್ಲಿ ಮದ್ಯಕ್ಕೆ ನಿಷೇಧವಿದೆ. ಅದನ್ನು ಮುರಿಯುವ ದಾರಿ ಹುಡುಕುವವರು ಮನೆಯಲ್ಲೇ ಇರಲಿ. ಊರು ಮುಸ್ಲಿಮರದು, ಉಡುಪು ಮರ್ಯಾದೆಯಿಂದಿರಲಿ. ಹವಳವನ್ನು ಹೆಕ್ಕಿ ತರುವುದು ಅಪರಾಧ. ಅದರ ಮೇಲೆ ಕಾಲಿಡುವುದೂ ಅದನ್ನು ಕೊಂದಂತೆಯೇ. ಒಯ್ದ ಪ್ಲಾಸ್ಟಿಕ್ಕು ನಮ್ಮೊಂದಿಗೇ ಮರಳಲಿ.

ಭಾಷೆಯೂ ಸಿದ್ಧತೆಯ ಭಾಗವೇ. ಹೆಚ್ಚಿನ ದ್ವೀಪಗಳ ಮಾತು ಮಲಯಾಳಕ್ಕೆ ಹತ್ತಿರವಾದ ಜೆಸರಿ. ಮಿನಿಕಾಯ್‌ನಲ್ಲಿ ಮಾತ್ರ ಮಹಲ್. ಅದಕ್ಕೆ ತಾನಾ ಎಂಬ ತನ್ನದೇ ಲಿಪಿಯಿದೆ. ಕಾಸರಗೋಡಿನವರಾದ ನಮಗೆ ಬರುವ ಮಲಯಾಳ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಅವರ ಮಾತನ್ನು ಮಲಯಾಳದ ಅಪಭ್ರಂಶವೆಂದು ನಗಬೇಡಿ. ನಮ್ಮ ಗಡಿನಾಡಿನ ಕನ್ನಡವನ್ನು ಕೇಳಿ ಬೆಂಗಳೂರಿನಲ್ಲಿ ಯಾರಾದರೂ ನಕ್ಕಾಗ ನಮಗಾದ ನೋವು ನೆನಪಿರಲಿ.

ಸಂಘದ ಬಂಧುಗಳೇ, ನಮ್ಮ ನೆಲಕ್ಕೆ ಬರುವವರಲ್ಲಿ ನಾವು ಯಾವ ನಡತೆಯನ್ನು ಬಯಸುತ್ತೇವೆಯೋ ಅದೇ ನಡತೆಯೊಂದಿಗೆ ಆ ನೆಲದಲ್ಲಿ ಇಳಿಯೋಣ. ಪರವಾನಗಿಯ ಅರ್ಜಿಗೆ ಸಹಿ ಹಾಕುವಾಗ ಅದು ಹೊರೆಯೆನಿಸದಿದ್ದರೆ ಸಾಕು. ಸಿದ್ಧತೆ ಅರ್ಧ ಮುಗಿದಂತೆ.