ಎಣಿಕೆಗೆ ಬಾರದ ಕಾಡು

ಥಾಯ್ಲೆಂಡಿನ ಪಶ್ಚಿಮ ಗಡಿಯಲ್ಲಿರುವ ಕೆಂಗ್ ಕ್ರಾಚಾನ್ ರಾಷ್ಟ್ರೀಯ ಉದ್ಯಾನವು ಆನೆ, ಹುಲಿ, ಕಾಟಿಗಳ ನೆಲೆವೀಡು. ಆದರೆ 2012ರಲ್ಲಿ ಆ ಕಾಡು ವಿಜ್ಞಾನಲೋಕದ ಗಮನ ಸೆಳೆದದ್ದು ರಾಗಿಕಾಳಿನ ಅರ್ಧದಷ್ಟೂ ಇಲ್ಲದ ಒಂದು ನೊಣದಿಂದ. ಯೂರಿಪ್ಲೇಟಿಯಾ ನಾನಕ್‌ನಿಹಾಲಿ ಎಂದು ಹೆಸರು ಪಡೆದ ಅದರ ಉದ್ದ 0.4 ಮಿಲಿಮೀಟರ್, ಮನೆನೊಣದ ಹದಿನೈದರಲ್ಲಿ ಒಂದು ಪಾಲು. ಆಗ ಅದೇ ಜಗತ್ತಿನ ಅತಿ ಚಿಕ್ಕ ನೊಣವೆನಿಸಿತು. 2018ರಲ್ಲಿ ಬ್ರೆಜಿಲ್‌ನ ಅಮೆಜಾನ್ ಕಾಡಿನ 0.395 ಮಿಲಿಮೀಟರಿನ ಇನ್ನೊಂದು ನೊಣವು ಕೂದಲೆಳೆಯ ಅಂತರದಲ್ಲಿ ಆ ಸ್ಥಾನವನ್ನು ಪಡೆಯಿತು.

ಎರಡನ್ನೂ ಗುರುತಿಸಿ ವರ್ಣಿಸಿದವರು ಲಾಸ್ ಏಂಜಲೀಸ್ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ಕೀಟತಜ್ಞ ಬ್ರಯಾನ್ ಬ್ರೌನ್. ಥಾಯ್ಲೆಂಡಿನ ಉದ್ಯಾನಗಳಲ್ಲಿ ನಡೆದ ವ್ಯಾಪಕ ಕೀಟಸಮೀಕ್ಷೆಯ ಸಂಗ್ರಹದಲ್ಲಿ ಮೊದಲನೆಯದು ಅಡಗಿತ್ತು. ಇವು ಫೋರಿಡ್ ಕುಟುಂಬಕ್ಕೆ ಸೇರಿದವು. ಈ ಕುಟುಂಬದ ಹಲವು ನೊಣಗಳು ಇರುವೆಯ ದೇಹದೊಳಗೆ ಮೊಟ್ಟೆಯಿಡುತ್ತವೆ. ಕೆಲವು ಪ್ರಭೇದಗಳ ಮರಿಹುಳು ಇರುವೆಯ ತಲೆಯನ್ನು ಸೇರಿ ಅಲ್ಲಿಯೇ ತಿಂದು ಬೆಳೆಯುತ್ತದೆ; ಕೊನೆಗೆ ತಲೆಯೇ ಕಳಚಿ ಬೀಳುತ್ತದೆ. ಥಾಯ್ಲೆಂಡಿನ ನೊಣವೂ ಪುಟ್ಟ ಇರುವೆಗಳನ್ನೇ ಆಶ್ರಯಿಸಿರಬೇಕೆಂದು ಅದರ ಅಂಗರಚನೆಯಿಂದಲೂ ಆಫ್ರಿಕದ ಹತ್ತಿರದ ಬಂಧುವಿನ ಜೀವನಕ್ರಮದಿಂದಲೂ ಬ್ರೌನ್ ಊಹಿಸಿದ್ದಾರೆ.

ಇಂಥ ನೊಣದಿಂದ ಮನುಷ್ಯನಿಗೇನು ಪ್ರಯೋಜನ ಎಂಬ ಪ್ರಶ್ನೆ ಸಹಜ. ದಕ್ಷಿಣ ಅಮೆರಿಕದಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ನುಸುಳಿ ಕೃಷಿಕರನ್ನು ಕಾಡಿದ ಬೆಂಕಿ ಇರುವೆಯ ಹತೋಟಿಗಾಗಿ 1990ರ ದಶಕದ ಕೊನೆಯಿಂದ ಇದೇ ಕುಟುಂಬದ ನೊಣಗಳನ್ನು ಬಿಡಲಾಗಿದೆ. ಇನ್ನೂ ಹತ್ತಿರದ ಉತ್ತರ ಅಡಿಕೆ ತೋಟದಲ್ಲಿಯೇ ಇದೆ. ಕೋಕೋ ಹೂವಿನ ಪರಾಗ ಅಂಟುಅಂಟಾದದ್ದು. ಗಾಳಿ ಅದನ್ನು ಒಯ್ಯಲಾರದು. ಆ ಕೆಲಸವನ್ನು ಮುಖ್ಯವಾಗಿ ಮಾಡುವುದು ಒಂದರಿಂದ ಮೂರು ಮಿಲಿಮೀಟರ್ ಗಾತ್ರದ, ನೊಣಗಳದೇ ಗಣಕ್ಕೆ ಸೇರಿದ ನುಸಿಗಳು. ಅವು ಮರಿಯಿಡುವುದು ಕೊಳೆಯುತ್ತಿರುವ ತರಗೆಲೆ, ಕೋಕೋ ಸಿಪ್ಪೆಗಳ ತೇವದಲ್ಲಿ. ತೋಟವನ್ನು ಅಂಗಳದಂತೆ ಗುಡಿಸಿ ಕೀಟನಾಶಕ ಸಿಂಪಡಿಸುವ ಕೃಷಿಕನು ತನಗರಿವಿಲ್ಲದೆಯೇ ತನ್ನ ಫಸಲಿಗೆ ಕೊಡಲಿಯಿಡುತ್ತಾನೆ.

ಕಾಡಿನ ವಿಷಯದಲ್ಲಿ ನಡೆಯುತ್ತಿರುವುದೂ ಇದೇ. ರಸ್ತೆ, ಅಣೆಕಟ್ಟು, ವಿದ್ಯುತ್ ಮಾರ್ಗಗಳಿಗಾಗಿ ಅರಣ್ಯ ಬಲಿಯಾಗುವಾಗ ಕಡಿಯಬೇಕಾದ ಮರಗಳ ಲೆಕ್ಕ ಸಿದ್ಧವಾಗುತ್ತದೆ. ಪರಿಹಾರವಾಗಿ ಬೇರೆಡೆ ಸಸಿ ನೆಡುವ ಭರವಸೆ ದೊರೆಯುತ್ತದೆ. ಮರಕ್ಕೆ ಮರ ಎಂಬ ಈ ಲೆಕ್ಕದಲ್ಲಿ ಮರವನ್ನು ನಂಬಿದ ಇರುವೆಗೂ, ಇರುವೆಯನ್ನು ನಂಬಿದ ನೊಣಕ್ಕೂ ಸ್ಥಾನವಿಲ್ಲ. ಅಕೇಶಿಯಾ ನೆಡುತೋಪು ಹಸಿರಾಗಿ ಕಾಣಬಹುದು. ಕಾನಿನ ನೆಲದಲ್ಲಿ ಶತಮಾನಗಳಿಂದ ಹೆಣೆದುಕೊಂಡ ಬದುಕನ್ನು ಅದು ಮರಳಿ ತರಲಾರದು. ಹೆಸರಿಲ್ಲದ ಜೀವಿಯ ಅಳಿವಿಗೆ ಸಾಕ್ಷಿಯೂ ಇರುವುದಿಲ್ಲ.

ಇದಕ್ಕೆ ದಾರಿಯೊಂದು ಕಾನೂನಿನಲ್ಲಿಯೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಜನರ ಸಹಭಾಗಿತ್ವದಲ್ಲಿ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಆ ದಾಖಲಾತಿಯಲ್ಲಿ ಮರ, ಔಷಧ ಸಸ್ಯ, ಹಕ್ಕಿಗಳ ಜತೆಗೆ ಕೀಟಗಳಿಗೂ ಪುಟಗಳಿರಲಿ. ಯಾವ ಹೂವಿಗೆ ಯಾವ ನುಸಿ ಬರುತ್ತದೆ, ಯಾವ ತಿಂಗಳಲ್ಲಿ, ಸೊಪ್ಪಿನಬೆಟ್ಟದ ಯಾವ ಭಾಗದಲ್ಲಿ ಎಂಬುದನ್ನು ಹಳ್ಳಿಯ ಹಿರಿಯರೂ ಶಾಲಾ ವಿದ್ಯಾರ್ಥಿಗಳೂ ಕೂಡಿ ಬರೆದಿಡಬಹುದು. ಇದಕ್ಕೆ ಬೇಕಾದದ್ದು ಭೂತಗನ್ನಡಿ, ನೋಟ್‌ಬುಕ್ ಮತ್ತು ತಾಳ್ಮೆ. ಗುರುತಿಸುವ ಕೆಲಸಕ್ಕೆ ಶಿರಸಿಯ ಅರಣ್ಯ ಮಹಾವಿದ್ಯಾಲಯದಂತಹ ಸಂಸ್ಥೆಗಳ ತಜ್ಞರ ನೆರವನ್ನು ಕೋರಬಹುದು.

ಯೋಜನೆಯೊಂದು ಊರಿನ ಬಾಗಿಲಿಗೆ ಬಂದ ಮೇಲೆ ಪಟ್ಟಿ ಮಾಡಲು ಹೊರಟರೆ ಕಾಲ ಮಿಂಚಿರುತ್ತದೆ. ಈ ಮಳೆಗಾಲದಿಂದಲೇ ಗ್ರಾಮ ಗ್ರಾಮಗಳಲ್ಲಿ ಈ ಕಾರ್ಯ ಆರಂಭವಾಗಲಿ.