ಸಣ್ಣ ಶಾಲೆಗೊಂದು ಕಣ

ಅಮೆರಿಕದ ಇಂಡಿಯಾನಾ ರಾಜ್ಯದವರಿಗೆ ಪ್ರೌಢಶಾಲೆಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯೆಂದರೆ ಊರಹಬ್ಬದಷ್ಟು ಪ್ರಿಯ. 1911ರಲ್ಲಿ ಮೊದಲಾದ ಈ ಪಂದ್ಯಾವಳಿಯಲ್ಲಿ 1997ರವರೆಗೆ ಶಾಲೆಗಳ ನಡುವೆ ಯಾವ ಭೇದವನ್ನೂ ಎಣಿಸುತ್ತಿರಲಿಲ್ಲ. ಹಳ್ಳಿಯ ಪುಟ್ಟ ಶಾಲೆಯೂ ನಗರದ ಬೃಹತ್ ಶಾಲೆಯೂ ಒಂದೇ ಕಣಕ್ಕೆ ಇಳಿಯುತ್ತಿದ್ದವು. ಕೊನೆಗೆ ಪ್ರಶಸ್ತಿ ಒಂದೇ ಶಾಲೆಯ ಪಾಲಾಗುತ್ತಿತ್ತು.

ಈ ಪದ್ಧತಿಯ ಅಭಿಮಾನಿಗಳು ತಪ್ಪದೆ ಸ್ಮರಿಸುವ ಹೆಸರು ಮೈಲನ್. ಆ ಊರಿನ ಶಾಲೆಯಲ್ಲಿದ್ದ ವಿದ್ಯಾರ್ಥಿಗಳು 161 ಮಂದಿ ಮಾತ್ರ. 1954ರ ಅಂತಿಮ ಪಂದ್ಯದಲ್ಲಿ ಅವರಿಗೆ ಎದುರಾದದ್ದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಮನ್ಸಿ ಸೆಂಟ್ರಲ್ ಶಾಲೆ. ಕೊನೆಯ ಪಾದದಲ್ಲಿ ಮೈಲನ್ನಿನ ಬಾಬಿ ಪ್ಲಂಪ್ ಎಂಬ ಹುಡುಗ ಚೆಂಡನ್ನು ಹಿಡಿದು ನಾಲ್ಕು ನಿಮಿಷಗಳಿಗೂ ಮಿಕ್ಕಿ ಸುಮ್ಮನೆ ನಿಂತುಬಿಟ್ಟ! ಅಂದಿನ ನಿಯಮದಲ್ಲಿ ಅದಕ್ಕೆ ತಡೆಯಿರಲಿಲ್ಲ. ಆಟ ಮುಗಿಯಲು ಕೆಲವೇ ಕ್ಷಣಗಳಿರುವಾಗ ಅವನೇ ಚೆಂಡನ್ನು ಬುಟ್ಟಿಗೆ ಎಸೆದ. ಮೈಲನ್ 32–30ರಿಂದ ಗೆದ್ದಿತು. ಈ ಗೆಲುವಿನಿಂದ ಸ್ಫೂರ್ತಿ ಪಡೆದ ಚಲನಚಿತ್ರವೂ 1986ರಲ್ಲಿ ಬಂದಿತು.

ಕೇಳಲು ರೋಮಾಂಚಕಾರಿಯಾದ ಕಥೆಯೇ ಸರಿ. ಆದರೆ ಅನಂತರದ ನಲವತ್ತಮೂರು ವರ್ಷಗಳಲ್ಲಿ ಅಷ್ಟು ಸಣ್ಣ ಶಾಲೆಯೊಂದು ಮತ್ತೊಮ್ಮೆ ಗೆಲ್ಲಲಿಲ್ಲವೆಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. ಅಪೂರ್ವವಾದುದನ್ನು ಮೆಚ್ಚಬಹುದು, ಅದನ್ನೇ ಆಧಾರವಾಗಿಟ್ಟುಕೊಂಡು ನಿಯಮವನ್ನು ಕಟ್ಟಲಾಗದು. ಸಾವಿರಾರು ಮಕ್ಕಳಲ್ಲಿ ಎತ್ತರದ ಹತ್ತು ಮಂದಿಯನ್ನು ಆರಿಸುವ ಶಾಲೆಗೂ, ಇರುವ ಹತ್ತು ಮಂದಿಯನ್ನೇ ಆಡಿಸಬೇಕಾದ ಶಾಲೆಗೂ ಸಮಾನತೆ ಎಲ್ಲಿಂದ ಬಂದೀತು?

ಆದಕಾರಣ 1997–98ರ ಸಾಲಿನಿಂದ ವಿದ್ಯಾರ್ಥಿಗಳ ಸಂಖ್ಯೆಗೆ ಅನುಸಾರವಾಗಿ ಶಾಲೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಯಿತು. ಪ್ರತಿ ವರ್ಗದಲ್ಲಿಯೂ ಹದಿನಾರು ಸ್ಥಳೀಯ ಗುಂಪುಗಳುಂಟು. ವರ್ಷವಿಡೀ ಸೋತ ತಂಡಕ್ಕೂ ಇಲ್ಲಿ ಪ್ರವೇಶವಿದೆ. ಯಾರ ಎದುರು ಯಾರೆಂಬುದನ್ನು ಬಹುಕಾಲ ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಬಲಿಷ್ಠರಿಬ್ಬರು ಮೊದಲ ದಿನವೇ ಎದುರಾದರೆ ಅದು ಅವರ ಅದೃಷ್ಟವಾಗಿತ್ತು. ಒಮ್ಮೆ ಸೋತವರು ಹೊರಗೆ. ಸ್ಥಳೀಯ ಗುಂಪಿನಲ್ಲಿ ಗೆದ್ದವರು ಪ್ರಾದೇಶಿಕ ಹಂತಕ್ಕೂ, ಅಲ್ಲಿ ಗೆದ್ದವರು ಅರ್ಧರಾಜ್ಯ ಮಟ್ಟಕ್ಕೂ ಏರಿ, ಕಡೆಗೆ ವರ್ಗಕ್ಕೆ ಎರಡರಂತೆ ಉಳಿದ ತಂಡಗಳು ರಾಜಧಾನಿ ಇಂಡಿಯಾನಾಪೊಲಿಸ್ ನಗರದಲ್ಲಿ ಸೆಣಸುತ್ತವೆ. ಹೀಗೆ ಪ್ರಶಸ್ತಿ ಒಂದಿದ್ದುದು ನಾಲ್ಕಾಯಿತು. ತಲೆಯೆಣಿಕೆಯೊಂದೇ ಬಲದ ಅಳತೆಯಲ್ಲವೆಂದು ಮನಗಂಡು, ಸತತವಾಗಿ ಗೆಲ್ಲುವ ಶಾಲೆಯನ್ನು ಮೇಲಿನ ವರ್ಗಕ್ಕೆ ಏರಿಸುವ ನಿಯಮವನ್ನು 2012ರಲ್ಲಿ ಸೇರಿಸಿದರು. ಇದು ವಿವೇಕದ ತಿದ್ದುಪಡಿ.

ವರ್ಗೀಕರಣವನ್ನು ವಿರೋಧಿಸಿದವರಲ್ಲಿ ಬಾಬಿ ಪ್ಲಂಪ್ ಅವರೇ ಪ್ರಮುಖರು! ನಾಲ್ಕು ಪ್ರಶಸ್ತಿಗಳಾದರೆ ಒಂದೊಂದರ ಬೆಲೆಯೂ ಕುಗ್ಗುವುದೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಆಡುವ ಮಕ್ಕಳು ಸುರಿಸುವ ಬೆವರು ಯಾವ ವರ್ಗದಲ್ಲಾದರೂ ಒಂದೇ. ಆದರೆ ಅವರ ಇನ್ನೊಂದು ದೂರನ್ನು ತಳ್ಳಿಹಾಕುವಂತಿಲ್ಲ. ಮುಂಚೆ ಮೊದಲ ಹಂತದಲ್ಲಿ ನೆರೆಹೊರೆಯ ಊರುಗಳೇ ಸೆಣಸುತ್ತಿದ್ದವು. ತಂದೆಯ ಕಾಲದ ಸೋಲನ್ನು ಮಗ ತೀರಿಸಿಕೊಳ್ಳುತ್ತಿದ್ದ. ಈಗ ಪಕ್ಕದೂರಿನ ದೊಡ್ಡ ಶಾಲೆ ಬೇರೊಂದು ವರ್ಗಕ್ಕೆ ಸೇರಿದೆ. ಸಣ್ಣ ಶಾಲೆಯವರು ತಮಗೆ ಸಮನಾದವರನ್ನು ಅರಸಿ ದೂರ ಪ್ರಯಾಣ ಮಾಡಬೇಕು. ಪ್ರೇಕ್ಷಕರ ಸಂಖ್ಯೆಯೂ ಇಳಿಯಿತು.

ಈ ನಷ್ಟ ನಿಜವಾದುದು. ಆದರೂ ಇದಕ್ಕಾಗಿ ಪಂದ್ಯಾವಳಿಯನ್ನು ಹಳೆಯ ರೀತಿಗೆ ತಿರುಗಿಸಬೇಕಾಗಿಲ್ಲ. ಪಂದ್ಯಾವಳಿಗೆ ಮುನ್ನ ಚಳಿಗಾಲದುದ್ದಕ್ಕೂ ಶಾಲೆಗಳು ತಾವೇ ಗೊತ್ತುಮಾಡಿಕೊಂಡು ಆಡುವ ಪಂದ್ಯಗಳಿವೆ. ಅವುಗಳಿಗೆ ವರ್ಗದ ಕಟ್ಟಿಲ್ಲ. ಪಕ್ಕದೂರಿನ ದೊಡ್ಡ ಶಾಲೆಯು ಆ ಪಟ್ಟಿಯಲ್ಲಿ ಸಣ್ಣ ಶಾಲೆಗೆ ವರ್ಷಕ್ಕೊಂದು ಸಂಜೆಯನ್ನು ಮೀಸಲಿಟ್ಟರೆ, ಎರಡು ಊರುಗಳ ಜನರೂ ಮತ್ತೆ ಒಂದೇ ಅಂಗಣದ ಸುತ್ತ ಸೇರುವುದಕ್ಕೆ ಯಾವ ನಿಯಮವೂ ಅಡ್ಡಬರುವುದಿಲ್ಲ.